ಬಾರಾ ದರ್ವಾಜಾದ ನೆಲ

೧೪ ಫೆಬ್ರುವರಿ ೨೦೦೫, ಸೋಮವಾರ

ಆದೇಶ ಬಂದೇಬಿಟ್ಟಿತು. ಬೇಗಂಪೇಟೆಯಿಂದ ಸಿಕಂದರಾಬಾದಿಗೆ ಹೋಗುವ ರಸ್ತೆಯ ಮೇಲೆ ಮೂವತ್ನಾಲ್ಕು ವರ್ಷದಿಂದ ನಿಂತಿರುವ ನಮ್ಮ ಒಳಾಂಗಣ ಕ್ರೀಡಾಂಗಣವನ್ನು ಕೆಡವುತ್ತಾರೆ. ಆ ಜಾಗದಲ್ಲಿ ಸಾಫ್ಟ್‌ವೇರ್ ಕಂಪನಿಗಳಿಗೆ ಗಾಜಿನ ಕಟ್ಟಡ ಏಳುತ್ತದಂತೆ. ಊರಾಚೆಯ ಗಚ್ಚಿಬೌಲಿಯಲ್ಲಿ ಅವರಿಗೆ ಜಾಗ ಮುಗಿಯಿತೇನೋ.

ಸರಕಾರದ ಕಾಗದದಲ್ಲಿ ಅದಕ್ಕೊಂದು ಉದ್ದದ ಹೆಸರಿದೆ. ಊರಿಗೆಲ್ಲ ಅದು ಬಾರಾ ದರ್ವಾಜಾ. ಹನ್ನೆರಡು ಬಾಗಿಲು ಇರುವುದರಿಂದ. ಇಲ್ಲಿ ಕುಸ್ತಿ ನಡೆದಿದೆ, ವಾಲಿಬಾಲ್ ನಡೆದಿದೆ, ಎರಡು ಸಲ ಓಟು ಎಣಿಸಿದ್ದಾರೆ, ಒಂದು ಮಳೆಗಾಲ ಮನೆ ಕಳಕೊಂಡವರು ಹದಿನೈದು ದಿನ ಗ್ಯಾಲರಿಯಲ್ಲಿ ಮಲಗಿದ್ದಾರೆ. ನಾನು ಹನ್ನೊಂದನೆಯ ವಯಸ್ಸಿಗೆ ಬ್ಯಾಡ್ಮಿಂಟನ್ ಆಡಲು ಬಂದವಳು. ಈಗ ನಲವತ್ತೈದು. ಹತ್ತೊಂಬತ್ತು ವರ್ಷದಿಂದ ಇಲ್ಲಿಯೇ ಹುಡುಗಿಯರ ಕೋಚ್. ನೆಲ ಪೂರಾ ಸಾಗುವಾನಿ ಹಲಗೆಯದು, ಮೂರು ಕೋರ್ಟು. ಅದರ ಮೇಲೆ ಎಷ್ಟು ಸಲ ಬಿದ್ದರೂ ಮೊಣಕಾಲು ಉಳಿಯುತ್ತದೆ. ನನ್ನದು ಉಳಿದಿದೆ.

ಇವತ್ತು ಅತ್ತುಬಿಟ್ಟೆ. ಆಫೀಸಿನಲ್ಲಿ ಅಲ್ಲ, ಮನೆಗೆ ಬಂದು, ನಲ್ಲಿ ಬಿಟ್ಟುಕೊಂಡು.

ಒಂದು ದಾರಿ ಇದೆ. ಗಚ್ಚಿಬೌಲಿಯ ಹೊಸ ಶಾಲೆಯೊಂದು ದೊಡ್ಡ ಶೆಡ್ಡು ಕಟ್ಟಿಸಿದೆ, ನೆಲ ಇನ್ನೂ ಹಾಕಿಸಿಲ್ಲ. ನಮ್ಮ ಮೂರು ಕೋರ್ಟಿನ ಹಲಗೆ ತಂದು ಹಾಸಿದರೆ ನನ್ನ ಇಪ್ಪತ್ತೆರಡು ಹುಡುಗಿಯರಿಗೆ ಸಂಜೆ ಅಲ್ಲಿ ಆಡಲು ಬಿಡುತ್ತಾರಂತೆ. ಕಟ್ಟಡದವರ ಇಂಜಿನಿಯರ್ ನಿಶಾಂತ, ಮೀಸೆ ಈಗಷ್ಟೇ ಚಿಗುರುತ್ತಿರುವ ಸಭ್ಯ ಹುಡುಗ, ಏಪ್ರಿಲ್ ಇಪ್ಪತ್ತೈದರೊಳಗೆ ಬಿಚ್ಚಿಕೊಂಡರೆ ಒಯ್ಯಿರಿ ಎಂದಿದ್ದಾನೆ. ನೆಲ ಹೋದರೆ ಹುಡುಗಿಯರೂ ಹೋದಂತೆ. ಬಡವರ ಮನೆಯ ಹೆಣ್ಣುಮಕ್ಕಳಿಗೆ ಕ್ಲಬ್ಬಿನ ಬಾಗಿಲು ಯಾರು ತೆಗೆಯುತ್ತಾರೆ?

ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಗುಲ್ಬರ್ಗಾದಿಂದ ರೈಲ್ವೆ ನೌಕರಿಗೆ ಬಂದ ಅಪ್ಪ ಮನೆಯೊಳಗಷ್ಟೇ ಕನ್ನಡ ಇಟ್ಟ. ಹೊಸ್ತಿಲು ದಾಟಿದರೆ ತೆಲುಗು, ಇಲ್ಲವೆ ಹಿಂದಿ. ಅಪ್ಪ, ಅವ್ವ ಇಬ್ಬರೂ ಹೋದ ಮೇಲೆ ಮನೆಯೊಳಗೂ ಮಾತಾಡಲು ಯಾರೂ ಇಲ್ಲ. ಈ ಪುಸ್ತಕದ ಜೊತೆ ಮಾತಾಡುತ್ತೇನೆ.

೨೧ ಫೆಬ್ರುವರಿ, ಸೋಮವಾರ

ಕೆಡಹುವವರು ಬಂದರು. ಹದಿನಾಲ್ಕು ಜನ, ಯಾದಗಿರಿ ಕಡೆಯವರು. ಮೇಸ್ತ್ರಿಯ ಹೆಸರು ದ್ಯಾವಪ್ಪ. ಗ್ಯಾಲರಿಯ ಕೆಳಗೆ ಮೂರು ಕಲ್ಲು ಹೂಡಿ ಒಲೆ ಹಚ್ಚಿದ್ದೂ ಆಯಿತು. ಅವರ ಮುಖ ನೋಡಲು ನನಗೆ ಮನಸ್ಸಿಲ್ಲ.

ಹುಡುಗಿಯರು ಆಡುತ್ತಿರುವಾಗಲೇ ಒಬ್ಬ ಹೆಣ್ಣಾಳು ತಲೆಯ ಮೇಲೆ ಬುಟ್ಟಿ ಹೊತ್ತು, ಚಪ್ಪಲಿ ಮೆಟ್ಟಿಕೊಂಡು, ಕೋರ್ಟಿನ ನಡುವೆ ನಡೆದುಬಂದಳು. ತೆಲುಗಿನಲ್ಲಿ ಕೂಗಿದೆ. ಅವಳು ಬೆಚ್ಚಿ ಚಪ್ಪಲಿ ಕೈಗೆತ್ತಿಕೊಂಡು ಓಡಿದಳು. ಹೊರಗೆ ಹೋಗಿ ಜೊತೆಯವಳಿಗೆ ಹೇಳಿದ್ದು ಕಿಟಕಿಯಿಂದ ಕೇಳಿಸಿತು.

“ಆ ಕೊಕ್ಕರಿ ಐತಲ್ಲ, ಉದ್ದ ಕಾಲಿಂದು, ಹೆಂಗ ಒದರತೈತಿ ನೋಡು. ಕಟ್ಟಿಗಿ ನೆಲಕ್ಕ ಇಷ್ಟು ಜೀವ ಬಿಡ್ತಾಳಲ್ಲೇ!”

ನನಗೆ ಕನ್ನಡ ಬರುತ್ತದೆಂದು ತೋರಿಸಿಕೊಳ್ಳಲಿಲ್ಲ. ವೈರಿಗಳ ಮಾತು ತಿಳಿದಿದ್ದರೆ ಒಳ್ಳೆಯದೇ. ಆದರೂ, ಕೊಕ್ಕರೆ! ಮನೆಗೆ ಬಂದು ಕನ್ನಡಿಯಲ್ಲಿ ಕಾಲು ನೋಡಿಕೊಂಡೆ.

೨ ಮಾರ್ಚ್, ಬುಧವಾರ

ಹತ್ತು ದಿನದಿಂದ ಕದ್ದು ಕೇಳುತ್ತಿದ್ದೇನೆ. ಆ ಹೆಣ್ಣಾಳಿನ ಹೆಸರು ಬಂಡೆಮ್ಮ. ಗಂಡ ಹುಲಗೇಶ ಇದೇ ಗ್ಯಾಂಗಿನಲ್ಲಿದ್ದಾನೆ. ಆರು ವರ್ಷದ ಮಗಳು ಊರಲ್ಲಿ ಅಜ್ಜಿಯ ಹತ್ತಿರ. ನನಗೆ ಮದುವೆ ಯಾಕಾಗಿಲ್ಲ ಎಂಬುದರ ಬಗ್ಗೆ ಅವರಲ್ಲಿ ಮೂರು ಅಭಿಪ್ರಾಯಗಳಿವೆ. ಮೂರೂ ನಿಜಕ್ಕಿಂತ ಚೆನ್ನಾಗಿವೆ.

ಇವತ್ತು ಬಾಯಿ ತಪ್ಪಿತು. ಮಧ್ಯಾಹ್ನ ಬಂಡೆಮ್ಮ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವ್ವ ಹೋದ ಮೇಲೆ ಆ ಸದ್ದನ್ನು ನಾನು ಕೇಳಿರಲಿಲ್ಲ, ಹಾಗಾಗಿ ನಿಂತುಬಿಟ್ಟೆ. ಅವಳ ಲಕ್ಷ್ಯವೆಲ್ಲ ಹರಟೆಯಲ್ಲಿ. ಹೆಂಚಿನ ಮೇಲಿನ ರೊಟ್ಟಿ ಕಮರತೊಡಗಿತು.

“ರೊಟ್ಟಿ ಹೊತ್ತಾಕತ್ತೈತಿ, ತಿರುವಿ ಹಾಕವಾ!” ಎಂದೆ.

ಬಂಡೆಮ್ಮ ರೊಟ್ಟಿ ತಿರುವಲಿಲ್ಲ. ನನ್ನನ್ನೇ ನೋಡಿದಳು. “ಯವ್ವಾ, ಮೇಡಮ್ಮೋರು ನಮ್ಮೋರು!” ಎಂದವಳೇ ನಾಲಿಗೆ ಕಚ್ಚಿಕೊಂಡಳು. ಹತ್ತು ದಿನ ಆಡಿದ್ದೆಲ್ಲ ನೆನಪಾಗಿರಬೇಕು.

“ಕೊಕ್ಕರಿಗೂ ಕನ್ನಡ ಬರ್ತೈತಿ,” ಎಂದೆ.

ಹುಲಗೇಶ ಬುಟ್ಟಿ ಅಲ್ಲಿಯೇ ಬಿಟ್ಟು ಹೊರಗೆ ಓಡಿದ. ಬಂಡೆಮ್ಮ ಸೆರಗು ಬಾಯಿಗಿಟ್ಟುಕೊಂಡು ಎಷ್ಟು ನಕ್ಕಳೆಂದರೆ ನನಗೂ ತಡೆಯಲಾಗಲಿಲ್ಲ. ಕಮರಿದ ರೊಟ್ಟಿಯನ್ನು ನಾನೇ ತಿಂದೆ, ಶೇಂಗಾ ಹಿಂಡಿ ಹಚ್ಚಿಕೊಂಡು.

೧೧ ಮಾರ್ಚ್, ಶುಕ್ರವಾರ

ಬರೆಯುವಂಥದ್ದೇನೂ ಇಲ್ಲ. ಪಡುವಣದ ನಾಲ್ಕು ಬಾಗಿಲು ಕಿತ್ತರು. ಬಿಸಿಗಾಳಿ ನೇರ ಒಳಗೆ ನುಗ್ಗಿ ಶಟಲ್ ಹೇಳಿದಂತೆ ಕೇಳುವುದಿಲ್ಲ. ಬಂಡೆಮ್ಮ ತಮ್ಮ ಹಾಸಿಗೆಯ ಕೌದಿಗಳನ್ನು ತಂದು ಬಾಗಿಲಿಗೆ ಕಟ್ಟಿದಳು. ನಾನು ಹೇಳಿರಲಿಲ್ಲ.

೨೪ ಮಾರ್ಚ್, ಗುರುವಾರ

ಒಡೆಯುವುದು ಗೊತ್ತಿದ್ದವರಿಗೆ ಬಿಚ್ಚುವುದು ಕಲಿಸುವುದು ಕಷ್ಟ. ಸಾಮಾನಿನ ಕೋಣೆಯಲ್ಲಿಯೂ ಅದೇ ಸಾಗುವಾನಿ ಹಲಗೆ ಹಾಸಿದ್ದರು, ಅದರ ಮೇಲೆ ಅಭ್ಯಾಸ ಮಾಡಿಸಿದೆ. ಗಂಡಸರು ಹಾರೆ ತೂರಿಸಿ ಎತ್ತಿದರು. ಐದು ಹಲಗೆ ಸೀಳಿದವು. ನನ್ನ ಎದೆ ಐದು ಸಲ ಧಸಕ್ಕೆಂದಿತು.

ಬಂಡೆಮ್ಮ ಅವರನ್ನು ಪಕ್ಕಕ್ಕೆ ಸರಿಸಿ ಕೂತಳು. ಹಲಗೆಯ ಮೇಲೆ ಬಟ್ಟೆ ಮಡಚಿಟ್ಟು, ಅದರ ಮೇಲೆ ಕಬ್ಬಿಣ ಊರಿ, ಒಂದಿಷ್ಟೇ ಮೀಟುವುದು, ಬಿಡುವುದು, ಮತ್ತೆ ಮೀಟುವುದು. ಮೊಳೆ ತಾನಾಗಿ ಮೇಲೆ ಬಂತು.

“ಮುಳ್ಳು ತೆಗದಂಗ್ರಿ ಅಕ್ಕಾರ. ಅವಸರ ಮಾಡಿದ್ರ ಕಾಲು ಎಳಕೋತಾರ,” ಎಂದಳು.

ನಲವತ್ತು ಮೊಳೆ ತೆಗೆದಳು, ಒಂದು ಹಲಗೆಯೂ ಸೀಳಲಿಲ್ಲ. ಮೇಡಂ ಹೋಗಿ ಅಕ್ಕಾರ ಯಾವಾಗ ಬಂತೋ ನಾನು ಗಮನಿಸಲಿಲ್ಲ. ಉಗಾದಿಗೆ ಗ್ಯಾಂಗಿನವರು ಊರಿಗೆ ಹೋಗಿ ಬರುತ್ತಾರೆ, ಬಂದ ಮೇಲೆ ಇವಳ ಕೈಯಿಂದಲೇ ನೆಲ ಬಿಚ್ಚಿಸುತ್ತೇನೆ. ದ್ಯಾವಪ್ಪನಿಗೂ ಹೇಳಿದ್ದಾಯಿತು.

೩೧ ಮಾರ್ಚ್, ಗುರುವಾರ

ಹುಡುಗಿಯರು ಇಲ್ಲಿ ಆಡುವ ಕಡೆಯ ದಿನ. ಬೇಗಂಪೇಟೆಯ ನಿಲ್ದಾಣಕ್ಕೆ ವಿಮಾನ ತಲೆಯ ಮೇಲಿಂದಲೇ ಇಳಿಯುವಾಗ ಸರ್ವೀಸು ನಿಲ್ಲಿಸಿ ಕಾಯುವುದು ನಮ್ಮಲ್ಲಿ ರೂಢಿ. ಇವತ್ತು ಪ್ರತಿ ವಿಮಾನಕ್ಕೂ ಅವರು ಬೇಕೆಂದೇ ಹೆಚ್ಚು ಹೊತ್ತು ಕಾದರು. ನಾನು ಬೈಯಲಿಲ್ಲ.

ಬಂಡೆಮ್ಮ ಗ್ಯಾಲರಿಯಲ್ಲಿ ಕೂತು ನೋಡುತ್ತಿದ್ದಳು. ಹರ್ಷದಾ ಆಡುವುದನ್ನು ನೋಡಿ, “ಆ ಹುಡುಗಿ ಹಿಂದಕ್ಕ ಹೋಗಾಕ ಹೆದರತಾಳ್ರಿ, ಬೆನ್ನಿಗೆ ಗ್ವಾಡಿ ಐತೇನೋ ಅನ್ನೋಹಂಗ,” ಎಂದಳು. ಹರ್ಷದಾ ನನ್ನ ಹುಡುಗಿಯರಲ್ಲಿ ಎಲ್ಲರಿಗಿಂತ ಚುರುಕು, ಹದಿನೈದು ವರ್ಷ. ಅವಳು ಎಲ್ಲಿ ತಪ್ಪುತ್ತಾಳೆಂದು ನಾನು ಆರು ತಿಂಗಳಿನಿಂದ ಹುಡುಕುತ್ತಿದ್ದೆ. ಕೋಚ್ ಆಗಿ ನನಗೆ ನಾಚಿಕೆಯಾಯಿತು, ಖುಷಿಯೂ ಆಯಿತು.

ಹೋಗುವಾಗ ಹರ್ಷದಾ, ಮುಂದೆ ಎಲ್ಲಿ ಮೇಡಂ, ಎಂದು ಕೇಳಿದಳು. ಇದೇ ನೆಲದ ಮೇಲೆ, ಗಚ್ಚಿಬೌಲಿಯಲ್ಲಿ, ಎಂದೆ.

೬ ಏಪ್ರಿಲ್, ಬುಧವಾರ

ನಾಳೆ ಗುಲ್ಬರ್ಗಾಕ್ಕೆ, ಉಗಾದಿಗೆ ಅಣ್ಣನ ಮನೆಗೆ. ಗ್ಯಾಂಗೂ ಊರಿಗೆ ಹೊರಟಿದೆ. ಹಾಲ್ ಖಾಲಿ ಬಿಟ್ಟರೆ ಗುಜರಿಯವರು ಹಲಗೆಗೆ ಕೈ ಹಾಕುತ್ತಾರೆ, ಅದೇ ಭಯ. ಬಂಡೆಮ್ಮನಿಗೆ ಇಲ್ಲಿಯೇ ಇರಲು ಹೇಳಿದೆ.

“ಮಗಳು ದಾರಿ ನೋಡತಿರತೈತ್ರಿ,” ಎಂದಳು. ಕಟ್ಟಿದ್ದ ಗಂಟನ್ನು ಮತ್ತೆ ಬಿಚ್ಚಿಡುತ್ತ, “ಆಗಲಿ ಬಿಡ್ರಿ, ನೀವು ಬಂದ ಮ್ಯಾಲೆ ಹೋದ್ರಾತು,” ಎಂದಳು. ಹುಲಗೇಶನೂ ಉಳಿಯುತ್ತಾನೆ.

ಹೊರಡುವಾಗ ಹೇಳಿದೆ: “ನಿನ್ನ ದೇವರ ಮನಿ ಹೆಂಗ ನೋಡ್ಕೋತೀದಿ, ಹಂಗ ನೋಡ್ಕೋ ಇದನ್ನ.”

ಅವಳಾಗಿಯೇ ಒಪ್ಪಿದ್ದಾಳೆ. ನಾನೇನೂ ಬಲವಂತ ಮಾಡಲಿಲ್ಲ.

೧೦ ಏಪ್ರಿಲ್, ಭಾನುವಾರ

ಸ್ಟೇಷನ್ನಿನಿಂದ ನೇರ ಹಾಲ್‌ಗೆ ಹೋದೆ, ಕೈಯಲ್ಲಿ ಬಂಡೆಮ್ಮನಿಗೆಂದು ತಂದ ಹೋಳಿಗೆಯ ಡಬ್ಬಿ. ಬಾಗಿಲಲ್ಲೇ ಸಗಣಿ ಅರಿಸಿನದ ವಾಸನೆ ಬಂತು. ಉಳಿದ ಎಂಟೂ ಬಾಗಿಲಿಗೆ ಮಾವಿನೆಲೆಯ ತೋರಣ. ಕೋರ್ಟಿನ ಮೂಲೆಗಳಲ್ಲಿ ರಂಗೋಲಿ. ನೆಟ್ಟಿನ ಕಂಬಗಳಿಗೆ ಅರಿಸಿನ ಕುಂಕುಮ. ಒಂದು ಕ್ಷಣ ನನಗೂ ಚೆಂದ ಕಂಡಿತು, ಸುಳ್ಳು ಯಾಕೆ ಬರೆಯಲಿ.

ಆಮೇಲೆ ಹಲಗೆಗಳನ್ನು ನೋಡಿದೆ. ಮೂವತ್ನಾಲ್ಕು ವರ್ಷ ನೀರು ಕಾಣದ ಕಟ್ಟಿಗೆ ಊದಿಕೊಂಡು ಒಂದನ್ನೊಂದು ಒತ್ತಿ, ಸಂದುಗಳಲ್ಲಿ ಎದ್ದು ನಿಂತಿತ್ತು. ಬಂಡೆಮ್ಮ ಶುಕ್ರವಾರ ಟ್ಯಾಂಕಿನಿಂದ ಎಂಬತ್ತು ಕೊಡ ನೀರು ಹೊತ್ತು ಸುರಿದು, ಉಜ್ಜಿ ತೊಳೆದು, ಸಗಣಿನೀರಿನಿಂದ ಸಾರಿಸಿದ್ದಳು.

“ಉಗಾದಿಗೆ ದೇವರ ಮನಿ ತೊಳೀದ ಇರ್ತಾರೇನ್ರಿ ಅಕ್ಕಾರ? ಕೈ ನೋಡ್ರಿ ಬೇಕಾರ,” ಎಂದು ಬೊಬ್ಬೆ ಎದ್ದ ಅಂಗೈ ತೋರಿಸಿದಳು. ಹೊಗಳುತ್ತೇನೆಂದು ಕಾಯುತ್ತಿದ್ದಳು.

ಅಷ್ಟರಲ್ಲಿ ನಿಶಾಂತ ಒಳಗೆ ಬಂದ, ಜೊತೆಗೆ ನೆಲ ನೋಡಲು ಬಂದ ಶಾಲೆಯವರು. ಶಾಲೆಯವರು ಬಗ್ಗಿ ಹಲಗೆ ಮುಟ್ಟಿ ನೋಡಿ, ಇದು ಬೇಡ, ನಾವು ಪ್ಲಾಸ್ಟಿಕ್ ಹಾಸನ್ನೇ ತರಿಸುತ್ತೇವೆ ಎಂದು ಹೊರಟೇಬಿಟ್ಟರು. ಹುಡುಗಿಯರ ಮಾತು ಎತ್ತಲೂ ಬಿಡಲಿಲ್ಲ. ಯಾರು ಮಾಡಿದ್ದು ಇದು, ಎಂದು ನಿಶಾಂತ ತೆಲುಗಿನಲ್ಲಿ ಕೇಳಿದ.

“ಎವರೋ ಕೂಲಿ ಮನಿಷಿ. ನಾಕು ತೆಲೀದು,” ಎಂದೆ. ಯಾರೋ ಕೂಲಿಯವಳು, ನನಗೆ ಗೊತ್ತಿಲ್ಲ. ಆಮೇಲೆ ಬಂಡೆಮ್ಮನ ಕಡೆ ತಿರುಗಿ, ಅದೇ ತೆಲುಗಿನಲ್ಲಿ, ಇಲ್ಲಿಂದ ತೊಲಗು ಎಂದೆ. ಅವಳಿಗೆ ಅಷ್ಟು ತೆಲುಗು ಅರ್ಥವಾಗುತ್ತದೆ.

ಹೋಳಿಗೆ ಡಬ್ಬಿ ವಾಪಸು ತಂದಿದ್ದೇನೆ. ತೆಗೆಯಲು ಮನಸ್ಸಾಗಲಿಲ್ಲ.

೧೧ ಏಪ್ರಿಲ್, ಸೋಮವಾರ

ಏನೂ ಇಲ್ಲ.

೧೩ ಏಪ್ರಿಲ್, ಬುಧವಾರ

ಗ್ಯಾಂಗು ಊರಿನಿಂದ ಬಂತು. ಬಂಡೆಮ್ಮ ಇಲ್ಲ, ಗಚ್ಚಿಬೌಲಿಯ ಬೇರೆ ಕೆಲಸಕ್ಕೆ ಹೋಗಿದ್ದಾಳೆ. ಹುಲಗೇಶ ನನ್ನನ್ನು ಕಂಡರೆ ಕಂಬದ ಮರೆಗೆ ಸರಿಯುತ್ತಾನೆ. ಮೊದಲು ಸಿಟ್ಟೇ ಇತ್ತು. ಹೋಗಲಿ, ಒಳ್ಳೆಯದಾಯಿತು ಎಂದುಕೊಂಡೆ. ಹುಡುಗಿಯರ ತಾಯಂದಿರಿಗೆ ಫೋನ್ ಮಾಡಿ ಜಾಗ ಸಿಗಲಿಲ್ಲ ಎಂದು ಹೇಳತೊಡಗಿದೆ. ಆರು ಜನಕ್ಕೆ ಹೇಳಿ ಫೋನ್ ಕೆಳಗಿಟ್ಟೆ.

ಏಳನೆಯ ಫೋನ್ ಮಾಡದೆ ಕೂತಾಗ ಹೊಳೆಯಿತು. ನೆಲಕ್ಕೆ ನೀರು ತಾಗಿಸಬಾರದು ಎಂದು ಪ್ರತಿ ಹುಡುಗಿಗೂ ಮೊದಲ ದಿನವೇ ಹೇಳುವವಳು ನಾನು. ಬಾಟಲಿ ತಂದರೆ ಕೋರ್ಟಿನ ಹೊರಗೆ ನಿಲ್ಲಿಸುತ್ತೇನೆ. ಬಂಡೆಮ್ಮನಿಗೆ ಮಾತ್ರ ಹೇಳಲೇ ಇಲ್ಲ. ಅವಳಿಗೆ ಹೇಳಿದ್ದು ದೇವರ ಮನೆ ಎಂದು. ನಾನು ಹೇಳಿದ್ದನ್ನೇ ಅವಳು ಮಾಡಿದಳು, ಹಬ್ಬಕ್ಕೆ ಮಗಳ ಮುಖವನ್ನೂ ನೋಡದೆ.

೧೫ ಏಪ್ರಿಲ್, ಶುಕ್ರವಾರ

ಎರಡು ಬಸ್ಸು, ಒಂದು ಶೇರ್ ಆಟೋ. ಗಚ್ಚಿಬೌಲಿಯಲ್ಲಿ ಎಲ್ಲ ಕಟ್ಟಡಗಳೂ ಒಂದೇ ಥರ. ನಾಲ್ಕನೆಯ ಕಡೆ ಸಿಕ್ಕಳು, ಮರಳು ಹೊರುತ್ತಿದ್ದಳು. ನನ್ನನ್ನು ನೋಡಿ ಬುಟ್ಟಿ ಇಳಿಸಿದಳು.

“ತಪ್ಪಾತು ಬಂಡೆಮ್ಮ,” ಎಂದೆ. ದಾರಿಯುದ್ದಕ್ಕೂ ಬೇರೆ ಏನೇನೋ ಜೋಡಿಸಿಕೊಂಡಿದ್ದೆ.

“ತಪ್ಪು ನಂದೂ ಐತ್ರಿ. ಕಟ್ಟಿಗಿಗೆ ನೀರು ಆಗಂಗಿಲ್ಲ ಅನ್ನೋದು ತಿಳೀಲಿಲ್ಲ, ಕೇಳಬೇಕಾಗಿತ್ತು. ಬೈಸ್ಕೊಳ್ಳೋ ಕೆಲಸಾನ ಮಾಡೀನಿ.” ಮುಖ ಒರೆಸಿಕೊಂಡಳು. “ಆದ್ರ ಅಕ್ಕಾರ, ಬೈಯೋದು ನಮ್ಮ ಮಾತಿನ್ಯಾಗ ಬೈಬೇಕಾಗಿತ್ರಿ. ಏ ಬಂಡಿ, ತಲಿ ಐತೇನ್ ನಿನಗ, ಅಂದಿದ್ರ ನಾ ಅಲ್ಲೇ ಕುಂತು ಒಂದೀಟು ಅತ್ತು, ಎದ್ದು ಕೆಲಸಕ್ಕ ಹತ್ತತಿದ್ದೆ. ನೀವು ತೆಲುಗಿನ್ಯಾಗ ಅಂದ್ರಿ. ಗುರ್ತಿಲ್ಲದೋರಿಗೆ ಅಂದಂಗ.”

ಮಗಳ ವಿಷಯ ಕೇಳಿದೆ. ಉಗಾದಿಯ ದಿನ ಹೊಸ ಲಂಗ ಹಾಕಿಕೊಂಡು ಸಂಜೆಯ ತನಕ ಬಸ್ ಸ್ಟ್ಯಾಂಡಿನಲ್ಲಿ ಕೂತಿತ್ತಂತೆ. ಅದನ್ನು ಹೇಳುವಾಗ ಅವಳು ಅಳಲಿಲ್ಲ. ನಾನು ಅತ್ತೆ, ಮರಳಿನ ರಾಶಿಯ ಪಕ್ಕ, ಎಲ್ಲರೆದುರು.

“ಸುಮ್ಮನಿರ್ರಿ ಅಕ್ಕಾರ, ಮಂದಿ ನೋಡಾಕತ್ತಾರ,” ಎಂದು ನನ್ನ ಕೈ ಹಿಡಿದಳು. ಆಮೇಲೆ ಕೇಳಿದಳು: “ಮೂರನೇ ಅಂಗಳ ಹೆಂಗೈತ್ರಿ? ಅದಕ್ಕ ನೀರು ಸಾಲಲಿಲ್ಲ. ಬರೇ ಬಟ್ಟಿಲೆ ಒರೆಸಿದ್ದೆ.”

ಐದು ದಿನದಿಂದ ನಾನು ಅತ್ತ ಹೋಗಿ ನೋಡಿಯೂ ಇರಲಿಲ್ಲ.

೧೯ ಏಪ್ರಿಲ್, ಮಂಗಳವಾರ

ಮೂರನೆಯ ಕೋರ್ಟು ಚೆನ್ನಾಗಿದೆ! ಒಂದೆರಡು ಕಡೆ ಬಿಟ್ಟರೆ ಹಲಗೆ ಕದಲಿಲ್ಲ. ಕೆಟ್ಟವುಗಳ ಜಾಗಕ್ಕೆ ಸಾಮಾನಿನ ಕೋಣೆಯ ಹಲಗೆ ಆಗುತ್ತದೆ. ಬಂಡೆಮ್ಮ ನಿನ್ನೆಯಿಂದ ಬರುತ್ತಿದ್ದಾಳೆ. ಆ ಕೂಲಿಯವಳು ಮತ್ತೆ ಬಂದಳೇ ಎಂದು ನಿಶಾಂತ ಕೇಳಿದ. ಅವಳ ಹೆಸರು ಬಂಡೆಮ್ಮ, ನಮ್ಮವಳು, ಎಂದೆ. ಅವನು ಸಾರಿ ಎಂದ. ಒಳ್ಳೆಯ ಹುಡುಗ. ಛಾವಣಿ ಮೇ ಎರಡಕ್ಕೆ ಬೀಳುತ್ತದೆ, ನಿಮಗೆ ನೆರಳಿನಲ್ಲಿ ಕುರ್ಚಿ ಹಾಕಿಸಿರುತ್ತೇನೆ ಎಂದ. ಖಂಡಿತ ಬರುತ್ತೇನೆ, ಕಣ್ಣಾರೆ ನೋಡದಿದ್ದರೆ ಜೀವಕ್ಕೆ ಸಮಾಧಾನವಿಲ್ಲ ಎಂದೆ.

ಒಂದು ಕೋರ್ಟನ್ನು ಇಟ್ಟುಕೊಂಡು ಎಲ್ಲಿಗೆ ಹೋಗುವುದು? ಸಿಕಂದರಾಬಾದಿನಲ್ಲಿ ಅಪ್ಪನ ಕೈಕೆಳಗೆ ಕೆಲಸ ಮಾಡಿದ ಬಸವರಾಜರು ಇದ್ದಾರೆ, ಈಗ ರೈಲ್ವೆ ನೌಕರರ ಸಂಘದ ಕಾರ್ಯದರ್ಶಿ. ನಾಳೆ ಹೋಗಿ ಕೇಳುತ್ತೇನೆ. ಇಲ್ಲ ಎಂದರೆ ಅವರ ಮನೆಯ ಮುಂದೆಯೇ ಹಲಗೆ ಹಾಸಿಬಿಡುತ್ತೇನೆ.

೨೪ ಏಪ್ರಿಲ್, ಭಾನುವಾರ

ಬಸವರಾಜರು ಕೊಡಿಸಿದ್ದು ಸಂಘದ ಹಳೆಯ ಪಾರ್ಸೆಲ್ ಗೋದಾಮು. ಎತ್ತರದ ತಗಡಿನ ಛಾವಣಿ, ಒಂದೇ ಕೋರ್ಟು ಹಿಡಿಯುತ್ತದೆ, ಅದೂ ಉಸಿರು ಬಿಗಿ ಹಿಡಿದು. ಇಪ್ಪತ್ತೆರಡು ಹುಡುಗಿಯರು ಸರದಿಯಲ್ಲಿ ಆಡಲಿ. ಕಡೆಯ ಹಲಗೆ ಇವತ್ತು ಲಾರಿಗೆ ಏರಿತು. ಬಂಡೆಮ್ಮ ಪ್ರತಿ ಮೊಳೆಗೂ ಎರಡು ಸಲ ನನ್ನ ಮುಖ ನೋಡುತ್ತಾಳೆ. ಅವಳ ಕೈಗೆ ಮೊದಲಿನ ಧೈರ್ಯ ಇಲ್ಲ. ಅದು ಹೋದದ್ದು ನನ್ನಿಂದ.

ನಾಳೆ ಬೆಳಗಿನ ಗಾಡಿಗೆ ಅವಳನ್ನು ಯಾದಗಿರಿಗೆ ಕಳಿಸುತ್ತಿದ್ದೇನೆ. ನಾಲ್ಕು ದಿನ ಮಗಳ ಜೊತೆ ಇದ್ದು ಬರಲಿ. ರಾತ್ರಿ ಹೋಳಿಗೆ ಮಾಡಿದೆ. ಅರ್ಧ ಹರಿದವು, ರುಚಿಗೆ ಮೋಸವಿಲ್ಲ.

೨ ಮೇ, ಸೋಮವಾರ

ಎಂಟಕ್ಕೆಲ್ಲ ಗೋದಾಮಿನಲ್ಲಿದ್ದೆವು. ಹಲಗೆಯ ಕೆಳಗಿನ ಅಡ್ಡಪಟ್ಟಿಗಳನ್ನು ನಿನ್ನೆಯೇ ಕೂಡಿಸಿದ್ದರು. ಹರ್ಷದಾ ಮತ್ತು ನಾಲ್ಕು ಹುಡುಗಿಯರು ಹಲಗೆ ಒರೆಸಿ ಕೊಡುವುದು, ಹುಲಗೇಶ ಸಂದಿಗೆ ಸಂದು ಕೂಡಿಸುವುದು, ಬಂಡೆಮ್ಮ ಮೊಳೆ ಹೊಡೆಯುವುದು.

ಕೆಲಸ ಮುಂದೆ ಸಾಗಲೇ ಇಲ್ಲ. ಬಂಡೆಮ್ಮ ಸುತ್ತಿಗೆಯನ್ನು ಹಲಗೆಗೆ ನೋವಾಗುತ್ತದೆಂಬಂತೆ ಮುಟ್ಟಿಸುತ್ತಿದ್ದಳು. ಮೊಳೆ ಅರ್ಧಕ್ಕೆ ನಿಂತು ಸೊಟ್ಟಗಾಗುವುದು, ಅದನ್ನು ಕಿತ್ತು ಇನ್ನೊಂದು ಇಡುವುದು, ನನ್ನ ಮುಖ ನೋಡುವುದು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಹೊತ್ತು ನೆತ್ತಿಗೇರುತ್ತಿತ್ತು. ಬಸವರಾಜರು ಎಲ್ಲರಿಗೂ ಚಹಾ ತಂದು ನಿಂತಿದ್ದರು. ನನ್ನ ಸಹನೆ ಮುಗಿಯಿತು.

“ಏ ಬಂಡಿ! ಅದೇನು ಕೂಸೇನ, ತಟ್ಟಿ ಮಲಗಸಾಕ? ಮೊಳಿ ಐತದು, ಮೊಳಿ! ಎತ್ತಿ ಹೊಡಿ! ಮುಂಜಾನೆ ನಾಕು ರೊಟ್ಟಿ ತಿಂದೀದಿ, ಎಲ್ಲಿ ಹೋದವು? ಹಿಂಗ ಹೊಡದ್ರ ಇವು ಮುದುಕ್ಯಾರಾದ ಮ್ಯಾಲೆ ಆಡಬೇಕು ಇದರ ಮ್ಯಾಲ, ತಲಿಗೇಡಿ!”

ತಗಡಿನ ಛಾವಣಿಗೆ ಬಡಿದು ಎಲ್ಲ ಎರಡೆರಡು ಸಲ ಕೇಳಿಸಿತು. ಬಸವರಾಜರ ಕೈಯಲ್ಲಿ ಚಹಾ ತುಳುಕಿತು. ಮೇಡಂ ಯಾವ ಭಾಷೆಯಲ್ಲಿ ಬೈಯುತ್ತಿದ್ದಾರೆಂದು ಹರ್ಷದಾ ಪಕ್ಕದವಳನ್ನು ಕೇಳಿದಳು. ಬಂಡೆಮ್ಮ ಸುತ್ತಿಗೆ ಹಿಡಿದೇ ನನ್ನನ್ನು ನೋಡಿದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವ ಹಾಗೆ.

“ಹೊಡೀತೀನ್ರಿ ಅಕ್ಕಾರ, ಹೊಡೀತೀನಿ,” ಎಂದಳು.

ಹೊಡೆದಳು. ಎರಡೇ ಏಟಿಗೆ ಮೊಳೆ ಒಳಗೆ. ಅಲ್ಲಿಂದ ಮುಂದೆ ಹುಲಗೇಶನಿಗೆ ಹಲಗೆ ಕೂಡಿಸಿ ಪೂರೈಸಲಿಲ್ಲ. ಸಂಜೆಯ ಹೊತ್ತಿಗೆ ಅರ್ಧ ಕೋರ್ಟು ಸಿದ್ಧವಾಯಿತು. ಹರ್ಷದಾ ಬರಿಗಾಲಲ್ಲಿ ಅದರ ಮೇಲೆ ಹಿಂದಕ್ಕೆ ಓಡಿ ನೋಡಿದಳು, ಬಂಡೆಮ್ಮ ಇನ್ನೂ ಹಿಂದಕ್ಕ, ಇನ್ನೂ ಹಿಂದಕ್ಕ ಎಂದು ಕೂಗುತ್ತಿದ್ದಳು. ಹುಡುಗಿಗೆ ಆ ಕನ್ನಡ ಅರ್ಥವಾಯಿತು.

ಮನೆಗೆ ಬಂದು ಕಾಲು ಚಾಚಿದ್ದೆ. ಮೇಸ್ತ್ರಿ ದ್ಯಾವಪ್ಪನ ಫೋನು.

“ಯಾಕ ಬರಲಿಲ್ರಿ ಅಕ್ಕಾರ? ಇಂಜಿನಿಯರ್ ಸಾಹೇಬ್ರು ನಿಮಗ ಕುರ್ಚಿ ಹಾಕಿಸಿ ಭಾಳ ಹೊತ್ತು ಕಾದ್ರು. ಸರಿಯಾಗಿ ಹನ್ನೊಂದೂವರೆಗೆ ಛಾವಣಿ ಕುಂತಿತು. ಬಾರಾ ದರ್ವಾಜಾ ಮುಗೀತ್ರಿ.”

ಇವತ್ತು ಎರಡನೆಯ ತಾರೀಖು ಎಂಬುದೇ ನನಗೆ ನೆನಪಿರಲಿಲ್ಲ. ಫೋನ್ ಇಟ್ಟು, ಹನ್ನೊಂದೂವರೆಗೆ ನಾನು ಎಲ್ಲಿದ್ದೆ, ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಬಸವರಾಜರ ಚಹಾ ದಿನವೂ ಬರುವುದು ಹನ್ನೊಂದೂವರೆಗೆ. ಆಗ ನಾನು ಬಂಡೆಮ್ಮನನ್ನು ಬೈಯುತ್ತಿದ್ದೆ.